ಮೇಟಿಗೆ ಕಟ್ಟಿದ ಯಂತ್ರ

ಡ್ರಾಯಿಂಗ್ ಕಲಿತು ಕಾರ್ಖಾನೆಗೆ ಹೊರಟ ಮಕ್ಕಳು ಆಗಾಗ ನನ್ನ ಹತ್ತಿರ ಬಂದು ಕೂರುತ್ತಾರೆ. ಅವರ ಬಾಯಲ್ಲಿ ಈಗ ಒಂದು ಮಾತು ಬಹಳ ಓಡಾಡುತ್ತದೆ: ಪಿವಟ್. ಕೆಲಸ ಬಿಟ್ಟರೆ ಪಿವಟ್, ಕೋರ್ಸ್ ಬದಲಿಸಿದರೆ ಪಿವಟ್, ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಬೈಲ್ ಕವರ್ ತೂಗುಹಾಕಿದರೂ ಪಿವಟ್. ಕೇಳಿ ನನಗೆ ನಗು ಬರುತ್ತದೆ. ಆ ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ ಹುಡುಕುತ್ತ ನಾವು ಕರೂರಿನ ಒಂದು ತಗಡಿನ ಶೆಡ್ಡಿನಲ್ಲಿ ಸುಗ್ಗಿಯಿಡೀ ಒದ್ದಾಡಿದ್ದೆವು. ಅದನ್ನು ಆಡಿದವರು, ಅದಕ್ಕೆ ಹೆದರಿದವರು, ಕೊನೆಗೆ ಅದರ ಅರ್ಥ ತೋರಿಸಿದವರು ಎಲ್ಲರೂ ನೆನಪಾಗುತ್ತಾರೆ.

ನಾನು ಗಿರಿಜಾ. ಪಾಲಿಟೆಕ್ನಿಕ್ ಮುಗಿಸಿ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಸಣ್ಣದೊಂದು ಕಾರ್ಖಾನೆಗೆ ನಕ್ಷೆ ಬರೆಯಲು ಸೇರಿ, ಅಲ್ಲಿಯೇ ನಿವೃತ್ತಳಾದವಳು. ಬಡ್ತಿ ಗಿಡ್ತಿಯ ವಿಷಯ ಬಿಡಿ, ಅದು ಹೇಳುವಷ್ಟಿಲ್ಲ, ಕೇಳುವಷ್ಟೂ ಇಲ್ಲ. ನೀವು ಈಗ ಕಂಪ್ಯೂಟರಿನಲ್ಲಿ ಒಂದು ಗೆರೆ ತಪ್ಪಿದರೆ ಬೆರಳಲ್ಲಿ ಒತ್ತಿ ಅಳಿಸುತ್ತೀರಿ. ನಮಗೆ ಟ್ರೇಸಿಂಗ್ ಪೇಪರು, ಇಂಕಿನ ಪೆನ್ನು. ಗೆರೆ ತಪ್ಪಿದರೆ ಉಸಿರು ಬಿಗಿಹಿಡಿದು ಬ್ಲೇಡಿನಿಂದ ಕೆರೆಯಬೇಕು. ಕಾಗದ ಹರಿದರೆ ಮೊದಲಿಂದ. ಅಮೋನಿಯಾ ಹಾಕಿ ಪ್ರಿಂಟ್ ತೆಗೆದ ದಿನ ಕಣ್ಣಲ್ಲಿ ನೀರು ಸುರಿಸಿಕೊಂಡು ಹೊರಬಂದರೆ ಗೇಟಿನ ವಾಚ್‌ಮನ್ನು "ಯಾರು ಬೈದ್ರು ಮೇಡಂ?" ಎಂದು ಕೇಳುತ್ತಿದ್ದ.

ನಮ್ಮಲ್ಲಿ ಆಗುತ್ತಿದ್ದುದು ಬಟ್ಟೆ ಗಿರಣಿಗಳಿಗೆ ಬೇಕಾದ ಬಿಡಿಭಾಗಗಳು. ಮುಖ್ಯವಾಗಿ ನೂಲು ಸುತ್ತುವ ಕದಿರು. ಮಾಲೀಕರು ಮುರುಗೇಂದ್ರಪ್ಪ ಸಾಹುಕಾರರು, ತಲೆತಲಾಂತರದ ಹತ್ತಿ ವ್ಯಾಪಾರದ ಮನೆಯವರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಶಲ್ಯ, ಬಾಯಲ್ಲಿ ಮಾತು ಕಡಿಮೆ. ಮ್ಯಾನೇಜರು ರಾವ್ ಸಾಹೇಬರು. ಹರಿಹರದ ದೊಡ್ಡ ಕಾರ್ಖಾನೆಯೊಂದರಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು, ದಿನಾ ಹರಿಹರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಸಾಹುಕಾರರು ಉಳಿಸಿದ ಮಾತನ್ನೆಲ್ಲ ಇವರು ಖರ್ಚು ಮಾಡುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ.

ರಾವ್ ಸಾಹೇಬರಿಗೆ ಇಂಗ್ಲಿಷ್ ಕ್ರಿಯಾಪದವೆಂದರೆ ಪ್ರಾಣ. ನಕ್ಷೆಯ ಬದಿಯಲ್ಲಿ ನಾನು "ರೌಂಡ್ ಮಾಡಿ" ಎಂಬ ಅರ್ಥದಲ್ಲಿ ಏನಾದರೂ ಬರೆದರೆ ಕೆಂಪು ಪೆನ್ಸಿಲಿನಿಂದ ಹೊಡೆದು "ಟರ್ನ್" ಎಂದು ತಿದ್ದುವರು. ತೂತು ಕೊರೆಯುವುದಕ್ಕೆ ಒಂದು, ಅದೇ ತೂತನ್ನು ನಯಮಾಡುವುದಕ್ಕೆ ಇನ್ನೊಂದು, ಅಂಚು ಮುರಿಯುವುದಕ್ಕೆ ಮತ್ತೊಂದು. "ಹೆಸರುಗಳು ಗಾಡಿಯಲ್ಲಿ ತುಂಬಿದ ಮೂಟೆ ಕಣಮ್ಮ, ಎಳೆಯೋ ಎತ್ತು ಕ್ರಿಯಾಪದ" ಎನ್ನುವರು. ಮೊದಮೊದಲು ನನಗೆ ಕಿರಿಕಿರಿ. ಆಮೇಲೆ ಒಂದು ಸರಿಯಾದ ಮಾತಿಗೆ ಇಡೀ ಶೆಡ್ಡಿನ ಕೈಗಳು ಒಂದೇ ಕಡೆ ಹೊರಳುವುದನ್ನು ನೋಡಿ ಬೆರಗಾದೆ. ಆ ಬೆರಗು ಇಂದಿಗೂ ಆರಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿ ಬೋರ್ಡುಗಳ ಬಣ್ಣ ಇನ್ನೂ ಆರುತ್ತಿತ್ತು, ಆದರೆ ಊರಿನ ಗಿರಣಿಗಳ ಸೈರನ್ನುಗಳು ಒಂದೊಂದಾಗಿ ಸುಮ್ಮನಾಗಿದ್ದವು. ಗಿರಣಿ ನಿಂತರೆ ಕದಿರು ಯಾರಿಗೆ ಬೇಕು? ನಮ್ಮ ಶೆಡ್ಡಿನಲ್ಲಿ ತಯಾರಾದ ಕದಿರುಗಳು ಗ್ರೀಸು ಬಳಿದುಕೊಂಡು ಪೆಟ್ಟಿಗೆಯಲ್ಲಿ ಮಲಗಿದವು.

ಒಂದು ಬೆಳಿಗ್ಗೆ ರಾವ್ ಸಾಹೇಬರು ಎಲ್ಲರನ್ನೂ ಲೇತುಗಳ ನಡುವೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, "ಫ್ರೆಂಡ್ಸ್, ವಿ ಮಸ್ಟ್ ಪಿವಟ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾ, ಹೇಳಮ್ಮ ಇವರಿಗೆ" ಎಂದರು. ಅವರ ಇಂಗ್ಲಿಷನ್ನು ಕನ್ನಡ ಮಾಡುವುದು ನನ್ನ ಸಂಬಳವಿಲ್ಲದ ಎರಡನೆಯ ನೌಕರಿಯಾಗಿತ್ತು.

ಪಿವಟ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಯಾವುದರ ಮೇಲೆ ಇನ್ನೊಂದು ತಿರುಗುತ್ತದೋ ಆ ಮೊಳೆ. ನೂರಾರು ಸಲ ಬರೆದಿದ್ದೇನೆ. ಆದರೆ ವಸ್ತುವಾಗಿ ಗೊತ್ತಿತ್ತೇ ಹೊರತು ಮನುಷ್ಯರು ಮಾಡಬೇಕಾದ ಕೆಲಸವಾಗಿ ಗೊತ್ತಿರಲಿಲ್ಲ. "ನಾವೆಲ್ಲ ತಿರುಗಬೇಕಂತೆ" ಎಂದೆ.

"ಯಾರ ಮ್ಯಾಲೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು.

"ಮಗ್ಗುಲು ಬದಲಿಸಬೇಕಂತೆ" ಎಂದೆ. "ಅದಕ್ಕೇನು, ಹಾಸಿಗಿ ಕೊಡ್ರಿ" ಎಂದರು. ನಾನು ಸೋತು ರಾವ್ ಸಾಹೇಬರ ಮುಖ ನೋಡಿದೆ. ಅವರು ಕನ್ನಡಕ ಒರೆಸುತ್ತಲೇ ಇದ್ದರು.

ನಗದವರು ಒಬ್ಬರೇ, ದಾದಾಪೀರ್ ಮೇಸ್ತ್ರಿ. ನಮ್ಮ ಹಿರಿಯ ಫಿಟ್ಟರು. ಒಂದು ಗಿರಣಿಯಲ್ಲಿ ಅರ್ಧ ಆಯುಷ್ಯ ದುಡಿದು, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದವರು. ಕದಿರನ್ನು ಬೆರಳಲ್ಲಿ ಒಮ್ಮೆ ತಿರುವಿ ಕಣ್ಣು ಮುಚ್ಚಿಕೊಂಡೇ "ಇದು ಓಲಾಡ್ತದ" ಎನ್ನುವರು. ಊಟದ ಹೊತ್ತಿಗೆ ನನ್ನ ಬೋರ್ಡಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಗಿರಿಜಮ್ಮ, ಮಿಲ್‌ನಾಗೂ ಹಿಂಗೇ ಒಂದ್ ಮುಂಜಾನೆ ಎಲ್ಲಾರ್ನೂ ನಿಂದ್ರಿಸಿ ಇಂಗ್ಲಿಷ್ನಾಗೆ ಒಂದ್ ಮಾತು ಹೇಳಿದ್ರು. ಸ್ಟ್ರೀಮ್‌ಲೈನ್ ಅಂತ. ಕೇಳಾಕೆ ಚಂದಿತ್ತು, ಚಪ್ಪಾಳೆ ಹೊಡದ್ವಿ. ಆಮ್ಯಾಲೆ ತಿಳೀತು, ನಾವು ಮನೆಗೆ ಹೋಗೋದಾ ಅದ್ರ ಅರ್ಥ ಅಂತ. ಇದ್ರ ಅರ್ಥ ಏನೈತಿ, ಖರೆ ಹೇಳ್ರಿ."

ಅದೇ ವಾರ ಗುಜರಿ ವ್ಯಾಪಾರಿಯೊಬ್ಬ ಸಾಹುಕಾರರ ಜೊತೆ ಬಂದು ಶೆಡ್ಡನ್ನೆಲ್ಲ ಸುತ್ತಿ ನೋಡಿದ. ಮೇಸ್ತ್ರಿಯ ಹಳೆಯ ಲೇತಿನ ಮೈ ತಟ್ಟಿ, ಸೀಮೆಸುಣ್ಣದಿಂದ ಅದರ ಮೇಲೆ ಒಂದು ಕತ್ತರಿ ಗುರುತು ಎಳೆದು ಹೋದ. ಕದಿರಿನ ಬದಲು ಹೊಸದೊಂದು ಯಂತ್ರ ಮಾಡಬೇಕು, ಈ ಸುಗ್ಗಿಯೊಳಗೆ ಅದು ನಡೆದರೆ ಸರಿ, ಇಲ್ಲವಾದರೆ ಶೆಡ್ಡು ಮುಚ್ಚಿ ಲೇತುಗಳು ತೂಕಕ್ಕೆ. ಸಾಹುಕಾರರು ಬಾಯಿಬಿಟ್ಟು ಹೇಳಿದ್ದು ಅಷ್ಟೇ. ಯಂತ್ರ ನಡೆದರೆ ಯಾರು ಯಾರು ಉಳಿಯುತ್ತಾರೆ ಎಂಬುದನ್ನು ಹೇಳಲಿಲ್ಲ. ಮೇಸ್ತ್ರಿ ದಿನಾ ಸಂಜೆ ಲೇತನ್ನು ಎಣ್ಣೆ ಹಾಕಿ ಕನ್ನಡಿಯಂತೆ ಒರೆಸುವರು, ಆ ಗುರುತನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಹಾಕಿಸಿದೋರೇ ಅಳಿಸ್ಲಿ" ಎಂದುಬಿಟ್ಟಿದ್ದರು.

ಹೊಸ ಯಂತ್ರದ ವಿಚಾರ ಸಾಹುಕಾರರದೇ. ಹತ್ತಿಯ ಅಂಗಡಿಯಲ್ಲಿ ಕೂತು ಅವರು ಕಂಡಿದ್ದು ಹೊಲ. "ಹತ್ತಿ ಬಿತ್ತೋರು ಮೆಕ್ಕೆಜೋಳ ಬಿತ್ತಾಕತ್ಯಾರೆ. ನಾವು ಕದಿರು ಹಿಡ್ಕಂಡು ಕುಂತ್ರೆ ಹೆಂಗೆ? ತೆನೆ ಬಿಡಿಸೋ ಮಿಷನ್ ಮಾಡ್ರಿ" ಎಂದರು. ಒಂದು ಉಸಿರಿನಲ್ಲಿ ಅಪ್ಪ ಅಜ್ಜಂದಿರ ಹತ್ತಿಯನ್ನು ಬಿಟ್ಟರು.

ಮೊದಲ ಯಂತ್ರವನ್ನು ಗುತ್ತೂರು ಎಂಬ ಹಳ್ಳಿಯ ಕಣಕ್ಕೆ ಒಯ್ದೆವು. ತಿರುಗುವ ಉರುಳೆ, ಅದರ ಕೆಳಗೆ ಕಬ್ಬಿಣದ ಜಾಲರಿ, ನಡುವೆ ತೆನೆ ಸಿಕ್ಕು ಕಾಳು ಉದುರಬೇಕು. ಎಂಜಿನ್ ಶುರುವಾಯಿತು, ತೆನೆ ಸುರಿದರು. ಕೆಳಗೆ ಬಂದಿದ್ದು ಕಾಳಲ್ಲ, ರವೆ. ಒಬ್ಬ ಮುದುಕರು ಅದನ್ನು ಬೊಗಸೆಯಲ್ಲಿ ಹಿಡಿದು, "ಉಪ್ಪಿಟ್ಟಿಗೆ ಚಲೋ ಐತೆ, ಒಗ್ಗರಣೆ ನೀವೇ ಹಾಕ್ತೀರೇನು?" ಎಂದರು. ಕಣದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಶೆಡ್ಡಿಗೆ ಬಂದು ಅಳೆದು ನೋಡಿದರೆ ಕಾರಣ ಸಿಕ್ಕಿತು. ಉರುಳೆಗೂ ಜಾಲರಿಗೂ ನಡುವೆ ನಾನು ಬರೆದಿದ್ದ ಸಂದನ್ನು ಮೇಸ್ತ್ರಿ ಬಿಗಿ ಮಾಡಿಬಿಟ್ಟಿದ್ದರು. ಕದಿರಿನ ಕೆಲಸದವರ ಕೈ ಅದು. ಕೂದಲೆಳೆ ತೂರುವಷ್ಟು ಸಂದು ಕಂಡರೂ ನಾಚಿಕೆ. "ಇಷ್ಟಗಲ ಬಾಯಿ ಬಿಟ್ಟ ಮಿಷನ್ ನನ್ನ ಕೈಯಿಂದ ಹೊರಗೆ ಹೋಗಬೇಕೇನ್ರಿ? ಮಂದಿ ಏನಂತಾರ?" ಎಂದರು. ಅವರನ್ನು ಬೈಯಲು ರಾವ್ ಸಾಹೇಬರಿಗೂ ಬಾಯಿ ಬರಲಿಲ್ಲ. ಬಿಗಿ ಕೆಲಸದಿಂದಲೇ ಹೆಸರು ಗಳಿಸಿದ ಮನುಷ್ಯನಿಗೆ ಸಡಿಲ ಮಾಡು ಎಂದು ಹೇಳುವುದು ಹೇಗೆ?

ಮೇಸ್ತ್ರಿ ಮರುದಿನ ಲೇತಿನ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಕೂತು ಕೈಯಲ್ಲೇ ತೆನೆ ಬಿಡಿಸತೊಡಗಿದರು. ಜಜ್ಜಿ ನೋಡಿದರು, ಹಿಂಡಿ ನೋಡಿದರು, ಎರಡು ಅಂಗೈ ನಡುವೆ ಉರುಳಿಸಿ ನೋಡಿದರು. ಸಂಜೆ ಹೊತ್ತಿಗೆ ಹೆಬ್ಬೆರಳು ಕೆಂಪಾಗಿತ್ತು. "ಹಿಡದ್ರೆ ಒಡೀತದ ಗಿರಿಜಮ್ಮ, ಉಳ್ಳಾಡಾಕೆ ಜಾಗ ಬಿಟ್ರೆ ತಾನಾ ಉದುರ್ತದ" ಎಂದರು. ತಮ್ಮ ಕೈಯಾರೆ ಜಾಲರಿಯನ್ನು ಕೆಳಗಿಳಿಸಿದರು. ಆ ವಯಸ್ಸಿನಲ್ಲಿ, ಆ ಹೆಸರು ಹೊತ್ತು, ಒಬ್ಬ ಮನುಷ್ಯ ತನ್ನ ಕೈಗೆ ಹೊಸ ಪಾಠ ಹೇಳುವುದನ್ನು ನಾನು ಕಣ್ಣಾರೆ ಕಂಡೆ. ಬಗ್ಗಿ ಕಾಲು ಮುಟ್ಟಬೇಕೆನಿಸಿತು, ಸಂಕೋಚವಾಗಿ ಸುಮ್ಮನಾದೆ.

ಎರಡನೆಯ ಸಲ ಹೋದದ್ದು ಹರಿಹರದ ಹತ್ತಿರದ ಸಾರಥಿಗೆ. ಹಾಲಮ್ಮ ಎಂಬ ರೈತ ಹೆಂಗಸಿನ ಕಣ. ಗಂಡ ತೀರಿದ ಮೇಲೆ ಹೊಲಮನೆ ಎಲ್ಲವನ್ನೂ ತಾವೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಸಗಣಿಯಿಂದ ಸಾರಿಸಿದ ಕಣ, ನಡುವೆ ಮೇಟಿ. ಮೇಟಿ ಎಂದರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ: ಒಕ್ಕಣೆಗೆ ಎತ್ತುಗಳನ್ನು ಕಟ್ಟಿ ಸುತ್ತಿಸಲು ಕಣದ ನಡುವೆ ನೆಟ್ಟ ಕಂಬ. ಅದಕ್ಕೆ ವಿಭೂತಿ ಬಳಿದು ಹೂ ಏರಿಸಿದ್ದರು. ನಮ್ಮವರು ಬೂಟು ಹಾಕಿಕೊಂಡೇ ಕಣಕ್ಕೆ ಕಾಲಿಟ್ಟರು.

"ಕಾಲಾಗಿನವು ಹೊರಗೆ ಬಿಡ್ರಿ" ಎಂದರು ಹಾಲಮ್ಮ. ಜೋರು ಮಾಡಲಿಲ್ಲ, ಆದರೆ ಎಲ್ಲರೂ ಹಿಂದೆ ಸರಿದರು. ರಾವ್ ಸಾಹೇಬರು ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದರು. ಬರಿಗಾಲಲ್ಲಿ ಒಳಗೆ ಬಂದು ಯಂತ್ರಕ್ಕೆ ಜಾಗ ನೋಡಿ, "ಈ ಕಂಬ ತೆಗೆದರೆ ಅನುಕೂಲ" ಎಂದರು.

"ಸುಗ್ಗಿ ನಡುವೆ ಮೇಟಿ ಕೀಳ್ತಾರೇನ್ರಿ? ಅದು ಇದ್ರೇ ಕಣ. ಬೇಕಾದ್ರೆ ನಿಮ್ಮ ಮಿಷನ್ ಬಾಜೂಕ್ಕಿಡ್ರಿ."

ಬದಿಗಿಟ್ಟೆವು. ಕಾಳು ಈ ಸಲ ಇಡಿಯಾಗಿ, ಥಳಥಳನೆ ಬಂತು. ಹಾಲಮ್ಮನ ಮುಖ ಅರಳಿತು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಯಂತ್ರ ಉಗುಳುತ್ತಿದ್ದ ಹೊಟ್ಟೆಲ್ಲ ತಿರುಗಿ ನಮ್ಮ ಮುಖಕ್ಕೇ ಬಂತು, ಸ್ವಚ್ಛವಾಗಿದ್ದ ಕಾಳಿನ ರಾಶಿಯ ಮೇಲೂ ಬಿತ್ತು. ಎಂಜಿನ್ ನಿಲ್ಲಿಸಿ, ಹೆಣ ಎತ್ತಿದಂತೆ ಯಂತ್ರ ಎತ್ತಿ ತಿರುಗಿಸಿ ಇಟ್ಟೆವು. ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಹೊರಳಿತು. ಮತ್ತೆ ಎತ್ತು, ಮತ್ತೆ ಇಡು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಸೊಂಟ ಬಿದ್ದಿತ್ತು. ಹಾಲಮ್ಮ ಮರುಕದಿಂದ ರೊಟ್ಟಿ, ಬುತ್ತಿ ಕೊಟ್ಟರು. "ಕಾಳೇನೋ ಚಲೋ ಬಿಡಿಸ್ತದೆ. ಆದ್ರೆ ಇದನ್ನ ಹೊತ್ತು ತಿರುಗಾಕೆ ಆಳು ಎಲ್ಲಿಂದ ತರ್ಲಿ? ನಮಗೆ ಬ್ಯಾಡ ಬಿಡ್ರಿ" ಎಂದರು.

ಮೇಸ್ತ್ರಿ ಊಟ ಮಾಡಲಿಲ್ಲ. ಮೇಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದನ್ನೇ ಸವರುತ್ತಿದ್ದರು. ಹಗ್ಗ ಉಜ್ಜಿ ಉಜ್ಜಿ ಮರದ ಸುತ್ತ ಒಂದು ನುಣುಪಾದ ತೋಡು ಬಿದ್ದಿತ್ತು. "ಎತ್ತಿನ ಹಗ್ಗ ಇದಕ್ಕೆ ಹೆಂಗೆ ಕಟ್ತೀರಿ ತಾಯಿ? ಬಿಗೀಗೇನು?" ಎಂದು ಕೇಳಿದರು.

"ಬಿಗೀಗೆ ಕಟ್ಟಿದ್ರೆ ಸುತ್ತಿಕೊಂಡು ಎತ್ತು ಬಂದು ಕಂಬಕ್ಕೇ ಹಾಯ್ತಾವಪ್ಪ. ಬಳೆ ಹಂಗೆ ಸಡ್ಲ ಇರಬೇಕು."

ಮೇಸ್ತ್ರಿ ಎದ್ದು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಾನು ಅಲ್ಲೇ ಕಣದ ಆಚೆ, ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆಯತೊಡಗಿದೆ. ರಾವ್ ಸಾಹೇಬರು ಬಗ್ಗಿ ನೋಡಿ, ಕಡ್ಡಿ ಕಸಿದುಕೊಂಡು, ಗಾಲಿ ಎಲ್ಲಿ ಬಂದರೆ ಭಾರ ಸಮ ಬೀಳುತ್ತದೆ ಎಂದು ತಾವೂ ಬರೆದರು.

ಶೆಡ್ಡಿನಲ್ಲಿ ಮತ್ತೆ ಕೆಲಸ ಶುರುವಾಯಿತು. ಯಂತ್ರವನ್ನೂ ಎಂಜಿನ್ನನ್ನೂ ಒಂದೇ ಚೌಕಟ್ಟಿನ ಮೇಲೆ ಕೂರಿಸಿದೆವು. ಚೌಕಟ್ಟಿನ ಒಂದು ತುದಿಗೆ ಎರಡು ಗಾಲಿ. ಇನ್ನೊಂದು ತುದಿಗೆ ಮೇಟಿಯ ಸುತ್ತ ಕೂರುವ ಕಬ್ಬಿಣದ ಬಳೆ. ಗಾಳಿ ತಿರುಗಿದರೆ ಒಬ್ಬರೇ ತಳ್ಳಿದರೂ ಸಾಕು, ಯಂತ್ರ ಎತ್ತಿನ ಹಾಗೆ ಮೇಟಿಯ ಸುತ್ತ ಹೊರಳಬೇಕು. ಮೇಸ್ತ್ರಿ ಬಳೆಯನ್ನು ಬೇಕೆಂದೇ ಸಡಿಲವಾಗಿ ಮಾಡಿದರು, ಒಳಗೆ ಮಿಲ್ಲಿನ ಹಳೆಯ ಬೆಲ್ಟಿನ ಚರ್ಮ ಹೊಲಿದರು. ಅದನ್ನು ಕೈಯಲ್ಲಿ ಅಲುಗಾಡಿಸಿ, "ಕೇಳ್ರಿ ಇದ್ರ ಸಪ್ಪಳ, ಹಳೇ ಸೈಕಲ್ ಇದ್ದಂಗೈತೆ" ಎಂದು ತಮ್ಮನ್ನು ತಾವೇ ಹಂಗಿಸಿಕೊಂಡರು.

ಅದನ್ನು ನೋಡುತ್ತ ನಿಂತಿದ್ದ ರಾವ್ ಸಾಹೇಬರು ಆ ದಿನ ಎಲ್ಲರನ್ನೂ ಕರೆದರು. ಇಂಗ್ಲಿಷ್ ಆಡಲಿಲ್ಲ. "ಪೊಲೀಸ್ ಪರೇಡ್ ನೋಡಿದ್ದೀರಲ್ಲ? ಸಾಲು ತಿರುಗುವಾಗ ತುದಿಯಲ್ಲಿ ಒಬ್ಬ ನಿಂತಲ್ಲೇ ಕಾಲು ಬಡಿಯುತ್ತಾನೆ. ಅವನ ಸುತ್ತ ಸಾಲೆಲ್ಲ ತಿರುಗಿ ಬೇರೆ ದಿಕ್ಕಿಗೆ ಹೋಗುತ್ತದೆ. ಅವನೂ ಕದಲಿದರೆ ಅದು ತಿರುವಲ್ಲ, ಬರೀ ಓಟ. ನಾನು ಅವತ್ತು ಹೇಳಿದ ಪಿವಟ್ ಇದು" ಎಂದರು. ಅಷ್ಟು ದಿನ ನನ್ನ ಕೈಗೆ ಸಿಗದ ಕ್ರಿಯಾಪದ ಅಲ್ಲಿ ಅಂಗೈ ಮೇಲಿನ ನೆಲ್ಲಿಕಾಯಿಯಾಯಿತು. ಬದಲಾಗು ಎಂದರೆ ಅರ್ಧ ಅರ್ಥ. ಒಂದನ್ನು ಕದಲಿಸದೆ ಉಳಿದುದನ್ನೆಲ್ಲ ತಿರುಗಿಸು ಎಂದರೆ ಪೂರ್ತಿ ಅರ್ಥ.

ಮೇಸ್ತ್ರಿ ಮಾತ್ರ ಸುಮ್ಮನಾಗಲಿಲ್ಲ. "ಹಂಗಾದ್ರೆ ನಮ್ಮ ಕಾರ್ಖಾನೆನಾಗೆ ನಿಂತೋನು ಯಾರು ಸಾಹೇಬ್ರೆ? ಯಾರನ್ನ ಕದಲಿಸಂಗಿಲ್ಲ?"

ರಾವ್ ಸಾಹೇಬರು ಲೇತಿನ ಮೇಲಿನ ಕತ್ತರಿ ಗುರುತನ್ನು ನೋಡಿದರು. "ಅದನ್ನ ಸಾಹುಕಾರರೇ ಹೇಳಬೇಕು ಮೇಸ್ತ್ರಿ" ಎಂದರು.

ಮತ್ತೆ ಸಾರಥಿಗೆ ಹೋದೆವು, ಈ ಸಲ ಸಾಹುಕಾರರೂ ಬಂದರು. ಎಲ್ಲರೂ ಬರಿಗಾಲು. ಹಾಲಮ್ಮ ಮೇಟಿಗೆ ಕೈಮುಗಿದು, "ಸುಗ್ಗಿ ನಡುವೆ ಮೇಟಿ ಕೀಳಂಗಿಲ್ಲ ಮತ್ತೆ" ಎಂದು ಸಾಹುಕಾರರಿಗೂ ಹೇಳಿ, ಬಳೆ ಹಾಕಲು ಒಪ್ಪಿದರು. ಎಂಜಿನ್ ಗುಡುಗಿತು, ಹೊಟ್ಟು ಗಾಳಿಯ ಜೊತೆ ಹಾರಿತು, ಕಾಳು ರಾಶಿ ಬೀಳತೊಡಗಿತು. ನಾವೆಲ್ಲ ಕಾಯುತ್ತಿದ್ದುದು ಗಾಳಿ ತಿರುಗಲೆಂದು. ಅಂಥ ಪ್ರಾರ್ಥನೆಯನ್ನು ಯಾವ ಕಣದಲ್ಲೂ ಯಾರೂ ಮಾಡಿರಲಾರರು.

ತಿರುಗಿತು. ಹೊಟ್ಟು ನಮ್ಮ ಕಡೆ ಹೊರಳಿತು. ಹಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚೌಕಟ್ಟಿಗೆ ಕೈ ಕೊಟ್ಟು ತಳ್ಳಿದರು. ಅಷ್ಟು ದೊಡ್ಡ ಕಬ್ಬಿಣದ ಮೈ, ಗುಡುಗುತ್ತಲೇ, ಕಾಳು ಸುರಿಸುತ್ತಲೇ, ಮೇಟಿಯ ಸುತ್ತ ಮೆಲ್ಲಗೆ ಹೊರಳಿ ಗಾಳಿಗೆ ಬೆನ್ನು ಕೊಟ್ಟು ನಿಂತಿತು. ಎಂಜಿನ್ ನಿಲ್ಲಲಿಲ್ಲ. ಮೇಟಿ ಅಲುಗಲಿಲ್ಲ. ನಾನು ಕಾಗದದ ಮೇಲೆ ಎಷ್ಟೋ ತಿರುವು ಬರೆದಿದ್ದೇನೆ, ಒಂದು ತಿರುವು ಕಣ್ಣೆದುರು ನಡೆದುದನ್ನು ನೋಡಿ ಅತ್ತದ್ದು ಅದೊಂದೇ ಸಲ. ವಾಚ್‌ಮನ್ ಇದ್ದಿದ್ದರೆ ಯಾರು ಬೈದರು ಎಂದು ಕೇಳುತ್ತಿದ್ದ.

ಹಾಲಮ್ಮ ರಾಶಿಗೆ ಪೂಜೆ ಮಾಡಿ ಅಳೆಯಲು ಕೂತರು. ಕಣದಲ್ಲಿ ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ. "ಲಾಭ" ಎಂದು ಅಳೆದು, ಆ ಮೊದಲ ಕೊಳಗವನ್ನು ಮೇಸ್ತ್ರಿಯ ಟವೆಲ್ಲಿಗೆ ಸುರಿದರು. ಆಮೇಲೆ ಸಾಹುಕಾರರ ಕಡೆ ತಿರುಗಿ, "ನನಗೊಂದು ಮಾಡಿ ಕೊಡ್ರಿ. ನಮ್ಮ ಬೀಗರೂ ಕೇಳ್ತಿದ್ರು, ಅವರಿಗೊಂದು" ಎಂದರು.

ಮೇಸ್ತ್ರಿ ಟವೆಲ್ಲಿನ ಗಂಟು ಹಿಡಿದುಕೊಂಡೇ ಸಾಹುಕಾರರ ಎದುರಿಗೆ ನಿಂತರು. "ಸಾವ್ಕಾರ್ರೆ, ಮಿಷನ್ ನಡೀತು. ಇನ್ನ ಹೊಸ ಕೆಲಸ, ಹೊಸ ಹುಡುಗ್ರು ಬರ್ತಾರ. ಕದಿರಿನೋರು ನಾವೇನು ಮಾಡಬೇಕು, ಈಗಾ ಹೇಳಿಬಿಡ್ರಿ. ಇಂಗ್ಲಿಷ್ ಬ್ಯಾಡ."

ಸಾಹುಕಾರರು ಮೇಟಿಯನ್ನು ನೋಡಿದರು, ಹಾಲಮ್ಮನನ್ನು ನೋಡಿದರು. "ಈ ತಾಯಿ ಹೇಳಿದ್ದು ಕೇಳಿಲ್ಲೇನು ಮೇಸ್ತ್ರಿ? ಸುಗ್ಗಿ ನಡುವೆ ಮೇಟಿ ಕೀಳ್ತಾರೇನು?" ಎಂದರು.

ಆಮೇಲೆ ಎಷ್ಟೋ ಬದಲಾಯಿತು. ಯಂತ್ರದ ಆಕಾರ ಬದಲಾಯಿತು, ನನ್ನ ಬೋರ್ಡು ಹೋಗಿ ಕಂಪ್ಯೂಟರ್ ಬಂತು, ಕಣಗಳೂ ಹೋಗಿ ರಸ್ತೆಯ ಮೇಲೆ ಒಕ್ಕುವ ಕಾಲ ಬಂತು. ನೀವು ಸೇರುವ ಕಡೆಯೂ ಯಾರಾದರೂ ಎಲ್ಲರನ್ನೂ ನಿಲ್ಲಿಸಿ ಈ ಮಾತು ಹೇಳಿಯೇ ಹೇಳುತ್ತಾರೆ. ಚಪ್ಪಾಳೆ ತಟ್ಟುವ ಮೊದಲು, ಯಾರನ್ನು ಕದಲಿಸುವಂತಿಲ್ಲ ಎಂಬ ಮೇಸ್ತ್ರಿಯ ಪ್ರಶ್ನೆ ಕೇಳಿ. ನಿಮಗೇ ಆ ಮಾತು ಹೇಳುವ ದಿನ ಬಂದರೆ, ಉತ್ತರ ಇಟ್ಟುಕೊಂಡು ಹೇಳಿ.

ಸಾರಥಿಯಿಂದ ಬಂದ ಮರುದಿನ ಬೆಳಿಗ್ಗೆ ಸಾಹುಕಾರರು ನೇರ ಶೆಡ್ಡಿಗೆ ಬಂದರು. ಯಾರ ಜೊತೆಯೂ ಮಾತಾಡದೆ ಮೇಸ್ತ್ರಿಯ ಲೇತಿನ ಹತ್ತಿರ ಹೋಗಿ, ಹೆಗಲ ಮೇಲಿನ ಬಿಳಿ ಶಲ್ಯ ತೆಗೆದು ಆ ಕತ್ತರಿ ಗುರುತನ್ನು ಒರೆಸತೊಡಗಿದರು. ಸೀಮೆಸುಣ್ಣ ಹಳತಾಗಿ ಕಚ್ಚಿಕೊಂಡಿತ್ತು, ಬೇಗ ಹೋಗಲಿಲ್ಲ.

"ಎಣ್ಣೆ ಐತೆ ಸಾವ್ಕಾರ್ರೆ, ಶಲ್ಯ ಹಾಳಾಗ್ತದೆ. ವೇಸ್ಟ್ ಬಟ್ಟೆ ಕೊಡ್ತೀನಿ ತಡೀರಿ" ಎಂದರು ಮೇಸ್ತ್ರಿ.

"ಆಗ್ಲಿ ಬಿಡು" ಎಂದು ಸಾಹುಕಾರರು ಒರೆಸುತ್ತಲೇ ಇದ್ದರು.